ಓನರ್‌ನ ಕೇಳಿ ಹೇಳ್ತೀವಿ

ನನ್ನ ಗಂಡನ ಹೆಸರು ನಾನು ಹೇಳಂಗಿಲ್ಲ. ಹೇಳಿದ್ರೆ ಅವರ ಆಯುಷ್ಯ ಕಮ್ಮಿ ಆಗ್ತೈತೆ ಅಂತ ನಮ್ಮತ್ತೆ ಮದುವೆ ಮಾರನೇ ದಿನಾನೇ ಕಿವಿ ಹಿಂಡಿ ಹೇಳಿದ್ರು. ಈಗ ಆಗಿರೋ ಅವಾಂತರ ನೋಡಿದ್ರೆ ಓಣಿ ತುದಿಗೆ ನಿಂತು ಒಂದ್ಸಲ ಗಟ್ಟಿಯಾಗಿ ಕೂಗಿಬಿಡಾಣ ಅನಿಸ್ತೈತೆ. ಆದ್ರೂ ಬಾಯಿ ಏಳಲ್ಲ. ಬೇಕಾದ್ರೆ ಮುಂದೆ ಊರೋರ ಬಾಯಾಗೆ ಬರ್ತೈತೆ, ಕೇಳಿಸ್ಕೊಳ್ರಿ. ನಾನು ಮಾತ್ರ 'ನಮ್ಮನೆಯವರು' ಅಂತೀನಿ.

ಹರಿಹರದಾಗೆ ನಾಗರಾಜಪ್ಪ ಅನ್ನೋರ ಮನೆಯ ಪಕ್ಕದ ಭಾಗದಾಗೆ ನಾವು ಬಾಡಿಗೆಗೆ ಇದ್ದಿದ್ದು. ಮೂವತ್ತು ವರ್ಷ. ನಾವು ಹೋದ ಹೊಸದಾಗೇ ನಾಗರಾಜಪ್ಪನೋರು ಒಳಗೆ ಬಂದು, ನಾಕೂ ಗೋಡೆ ಎಮ್ಮೆ ಮೈ ತಟ್ಟಿದಂಗೆ ತಟ್ಟಿ ನೋಡಿ, "ಮೊಳೆ ಹೊಡೀಬಾರ್ದು" ಅಂದ್ರು. ಅಷ್ಟೇ. ಆಮೇಲೆ ನಮ್ಮ ಮನೆಯಾಗೆ ಎಲ್ಲಿಯಾರ ಟಕ್ ಅಂತ ಸದ್ದಾದ್ರೆ ಸಾಕು, ಬಾಗಿಲಿಗೆ ಬಂದು "ಏನು ಹೊಡೀತಿದೀರಿ?" ಅನ್ನೋರು. ತೆಂಗಿನಕಾಯಿ ರೀ ಅಂದ್ರೆ, ಹೋಳು ತೋರಿಸಬೇಕಿತ್ತು. ತೋರಿಸಿದ್ರೆ ಒಂದು ಹೋಳು ತಗೊಂಡು ಹೋಗೋರು.

ನಮ್ಮತ್ತೆ ಪ್ರಾಣ ಬಿಟ್ಟಿದ್ದು ಅದೇ ಮನೆಯಾಗೆ. ಹೋಗೋ ಮುಂದೆ ನನ್ನ ಕೈ ಹಿಡ್ಕಂಡು, "ಮರುಳಸಿದ್ದಮ್ಮ, ಹುಟ್ಟಿದಾಗಿಂದ ಕಂಡೋರ ಗೋಡೆಗೇ ಒರಗೀನಿ. ಸತ್ತ ಮ್ಯಾಲಾರ ನನ್ನ ಫೋಟೋನ ಸ್ವಂತ ಗೋಡೆಗೆ ಹಾಕ್ರಿ" ಅಂದ್ರು. ಆಯ್ತತ್ತೆ ಅಂದೆ. ಅಂದಿದ್ದು ನಾನು, ಇವರಲ್ಲ. ಅದಕ್ಕೇ ಆ ಮಾತು ನನ್ನ ಕೊರಳಿಗೆ ಬಿತ್ತು. ಅಲ್ಲೀತನ ಫೋಟೋನ ಫ್ರಿಜ್ ಮ್ಯಾಲೆ ಗೋಡೆಗೆ ಆನಿಸಿ ಇಟ್ಟಿದ್ದೆ. ಬಾಗಿಲು ಸ್ವಲ್ಪ ಜೋರಾಗಿ ಹಾಕಿದ್ರೆ ಅತ್ತೆ ದಬ್ಬಂತ ಕೆಳಗೆ ಬರೋರು. ಬದುಕಿದ್ದಾಗ ನಾನು ಅವರ ಕಾಲಿಗೆ ಬೀಳ್ತಿದ್ದೆ, ಸತ್ತ ಮ್ಯಾಲೆ ಅವರು ನನ್ನ ಕಾಲಿಗೆ ಬೀಳೋಕೆ ಶುರು ಮಾಡಿದ್ರು. ಅವರ ಫೋಟೋ ಗಾಜು ಬದಲಾಯಿಸಿದಷ್ಟು ಸಲ ನನ್ನ ಕನ್ನಡಕದ ಗಾಜೂ ಬದಲಾಯಿಸಿಲ್ಲ.

ಇನ್ನ ನಮ್ಮನೆಯವರ ವಿಚಾರ. ಒಂದು ಸೊಸೈಟಿಯಾಗೆ ಗುಮಾಸ್ತರು. ಜೀವಮಾನದಾಗೆ ಒಬ್ಬರಿಗೆ 'ಆಗಲ್ಲ' ಅಂದೋರಲ್ಲ. ಆಫೀಸಿನಾಗೆ ಯಾರು ಏನು ಕೇಳಿದ್ರೂ "ಸೆಕ್ರೆಟರಿನ ಕೇಳಿ ಹೇಳ್ತೀವಿ." ಮನೆಯಾಗೆ ಯಾರು ಏನು ಕೇಳಿದ್ರೂ "ನಾಗರಾಜಪ್ಪನೋರ್ನ ಕೇಳಿ ಹೇಳ್ತೀವಿ." ನಮ್ಮಣ್ಣ ಬಂದು ಎರಡು ದಿನ ಇದ್ದು ಹೋಗ್ತೀನಿ ಅಂದಾಗಲೂ ಅದೇ ಮಾತು ಅಂದು, ನಮ್ಮಣ್ಣ ಇವತ್ತಿಗೂ ನಮ್ಮ ಹೊಸ್ತಿಲು ತುಳಿದಿಲ್ಲ. ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇರಲ್ಲ ಅಂತ ನಮ್ಮತ್ತೆ ಅನ್ನೋರು. ಮಗನ್ನ ನೋಡ್ಕಂಡೇ ಅಂದಿರಬೇಕು.

ಅಂಥ ಮಹಾನುಭಾವರು ಹೋದ ವರ್ಷ ದಾವಣಗೆರೆಯ ದೇವರಾಜ ಅರಸು ಬಡಾವಣೆಯಾಗೆ ಒಂದು ಮನೆ ತಗೊಂಡ್ರು. ಹಳೇ ಮನೆನೇ. ಒಂದು ಹಾಲು, ಒಂದು ರೂಮು, ಅಡಿಗೆಮನೆ, ಹಿತ್ತಲಾಗೆ ಇನ್ನೊಂದು ಗೂಡಿನಂಥ ರೂಮು. ನೋಂದಣಿ ಮುಗಿಸ್ಕಂಡು ಬಂದ ದಿನ ನಾನು ಕೇಳಿದ ಮೊದಲನೇ ಮಾತು, "ರೀ, ಅಲ್ಲಿ ಮೊಳೆ ಹೊಡೀಬೌದಾ?" ಇವರು ಗಂಭೀರವಾಗಿ "ಕೇಳಿ..." ಅಂದು, ಅಲ್ಲೇ ನಿಂತ್ರು. ಯಾರನ್ನ ಕೇಳೋದು ಅಂತ ಅವರಿಗೇ ಗೊತ್ತಾಗಲಿಲ್ಲ. ನಾನು ಅವತ್ತೇ ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಒಳ್ಳೆ ಮೊಳೆ ತಗೊಂಡು ಬಂದು ಸಾಸಿವೆ ಡಬ್ಬಿಯಾಗೆ ಇಟ್ಟೆ.

ಆದ್ರೆ ಇವರ ಲೆಕ್ಕಾಚಾರ ಬೇರೆ. "ರಿಟೈರ್ ಆಗೋಕೆ ಇನ್ನೊಂದು ವರ್ಷ ಐತೆ. ಅಲ್ಲೀತನ ಬಾಡಿಗೆಗೆ ಕೊಟ್ರೆ ಬ್ಯಾಂಕಿನ ಕಂತು ಅದೇ ಕಟ್ಕೊಂತೈತೆ. ಆಮೇಲೆ ಜೋರಾಗಿ ಗೃಹಪ್ರವೇಶ ಮಾಡಾಣ" ಅಂದ್ರು. ಮೂವತ್ತು ವರ್ಷ ಕಾದೋಳಿಗೆ ಒಂದು ವರ್ಷ ಏನು ಮಹಾ ಅಂತ ನಾನೂ ಹೂಂ ಅಂದೆ. ನನ್ನ ನಾಲಿಗೆಗೆ ಅವತ್ತು ಲಕ್ವ ಹೊಡೀಬಾರದಿತ್ತಾ!

ಖಾತೆ ಬದಲಾವಣೆಗೆ ಪಾಲಿಕೆ ಕಚೇರಿಗೆ ಹೋದ್ವಿ. ಕಿಟಕಿ ಒಳಗಿದ್ದೋನು ತಲೆ ಎತ್ತದೆ, "ಮಾಲೀಕರು ಯಾರು?" ಅಂದ. ನಮ್ಮನೆಯವರು ಹಿಂದೆ ಯಾರು ನಿಂತಾರೆ ಅಂತ ತಿರುಗಿ ನೋಡಿದ್ರು. ಹಿಂದೆ ನಿಂತಿದ್ದೋನು ತನ್ನ ಹಿಂದೆ ತಿರುಗಿ ನೋಡಿದ. ಕೊನೆಗೆ ನಾನು ಬೆನ್ನಿಗೆ ಒಂದು ತಿವಿದ ಮ್ಯಾಲೆ "ಹಾಂ, ನಾನೇ ಅನ್ಸುತ್ತೆ ರೀ" ಅಂದ್ರು. ಒಳಗಿದ್ದೋನು ಆಗ ತಲೆ ಎತ್ತಿದ. ನಮ್ಮಿಬ್ಬರನ್ನೂ ಮ್ಯಾಲಿಂದ ಕೆಳಗಿನ ತನಕ ನೋಡಿದ. ಆ ನೋಟದಾಗೇ ನಮ್ಮ ಮುಂದಿನ ಕಥೆ ಪೂರ್ತಿ ಇತ್ತು, ನನಗೆ ತಿಳೀಲಿಲ್ಲ ಅಷ್ಟೇ.

ಬಾಡಿಗೆಗೆ ಕೊಡೋ ಮುಂದೆ ಬಣ್ಣ ಹೊಡಿಸ್ಬೇಕಲ್ಲ. ಖರ್ಚು ಯಾಕ, ನಾನೇ ಹೊಡೀತೀನಿ ಅಂತ ನಮ್ಮನೆಯವರು ಹಳೇ ಚಡ್ಡಿ ಹಾಕ್ಕಂಡು, ತಲೆಗೆ ಟವೆಲ್ ಕಟ್ಕಂಡು ಏಣಿ ಹತ್ತಿದ್ರು. ಎದುರು ಮನೆ ಜೈನಾಬಿ ಗೇಟಿನ ಹತ್ರ ನಿಂತು ನೋಡಿದ್ಲು. ಅವಳ ಗಂಡ ಮಕ್ತುಮ್ ಸಾಬ್‌ಗೆ ಹತ್ತಿ ಹಾಸಿಗೆ ಅಂಗಡಿ. ಒಳ್ಳೆ ಜನ, ಆದ್ರೆ ಕಣ್ಣಿಗೆ ಕಂಡಿದ್ದನ್ನ ನಂಬೋ ಜನ.

"ಏನಪ್ಪಾ, ಕೈ ಚೆನ್ನಾಗೈತಲ್ಲ ನಿಂದು. ನಮ್ಮ ಗೇಟಿಗೂ ಒಂದು ಕೈ ಹೊಡೀತೀಯಾ?"

"ಅಲ್ಲಮ್ಮ, ನಾನು..."

"ಮೊದಲು ಬಾ, ಚಾ ಕುಡಿ. ಆಮೇಲೆ ಹೊಡಿ."

ನಾನು ಬುತ್ತಿ ಕಟ್ಕಂಡು ಮಧ್ಯಾಹ್ನದ ಬಸ್ಸಿಗೆ ಹೋಗಿ ನೋಡ್ತೀನಿ, ನಮ್ಮ ಗೋಡೆ ಅರ್ಧಕ್ಕೆ ನಿಂತೈತೆ, ಜೈನಾಬಿ ಗೇಟು ಹಸಿರಾಗಿ ಫಳಫಳ ಅಂತೈತೆ. "ಏನ್ರಿ ಇದು, ನಾನೇ ಓನರ್ ಅಂತ ಹೇಳೋಕಾಗಲಿಲ್ವಾ?" ಅಂದೆ. "ಹೇಳೋನಿದ್ದೆ ಕಣೆ. ಅಷ್ಟೊತ್ತಿಗೆ ಚಾ ಕೊಟ್ಟುಬಿಟ್ರು. ಏಲಕ್ಕಿ ಬೇರೆ ಹಾಕಿದ್ರು" ಅಂದ್ರು. ಏಲಕ್ಕಿ ಹಾಕಿದ ಚಾ ಕುಡಿದ ಮ್ಯಾಲೆ ಓನರ್ ಅಂತ ಹೇಳೋದು ಅವರಿಗೆ ಸರಿ ಕಾಣಲಿಲ್ಲವಂತೆ.

'ಮನೆ ಬಾಡಿಗೆಗೆ ಇದೆ' ಅಂತ ಬೋರ್ಡು ಹಾಕಿ ಭಾನುವಾರ ಇಬ್ಬರೂ ಮೆಟ್ಟಿಲ ಮ್ಯಾಲೆ ಕೂತ್ವಿ. ಮೊದಲನೇ ಗಿರಾಕಿ ಬಂದ. ಮನೆಯೆಲ್ಲ ನೋಡಿದ. ಹಾಲಿನ ನಡುವೆ ನಿಂತು ಕೈ ಚಾಚಿ ಅಳತೆ ತಗೊಂಡು, "ಇಲ್ಲೊಂದು ಹಿಟ್ಟಿನ ಗಿರಣಿ ಇಡ್ತೀನ್ರಿ" ಅಂದ. ಬುದ್ಧಿ ಇರೋ ಯಾವ ಮಾಲೀಕನಾದ್ರೂ ಏನಂತಾನೆ? ನಡಿಯಪ್ಪ ಆಚೆಗೆ ಅಂತಾನೆ. ನಮ್ಮನೆಯವರು ಉಗುಳು ನುಂಗಿ, ಕತ್ತು ಕೆರ್ಕಂಡು, "ಓನರ್‌ನ ಕೇಳಿ ಹೇಳ್ತೀವ್ರಿ" ಅಂದ್ರು.

"ಓನರ್ ಯಾರು?"

"ಹರಿಹರದ ನಾಗರಾಜಪ್ಪನೋರು."

ನಾನು ಮೆಟ್ಟಿಲಿಂದ ಜಾರಿ ಕೆಳಗೆ ಬೀಳೋದೊಂದು ಬಾಕಿ. ಮೂವತ್ತು ವರ್ಷ ಅಂದಂದು ಸವೆದ ನಾಲಿಗೆ, ತಾನಾಗೇ ಆ ಕಡೆ ಹೊರಳಿತ್ತು. ಗಿರಣಿಯೋನು ಸರಿ ಅಂದು ಹೋದ. ನಮ್ಮನೆಯವರ ಮುಖ ನೋಡ್ಬೇಕಿತ್ತು, ಹೊಸ ಮದುಮಗನ ಕಳೆ. ಜೀವಮಾನದಾಗೆ ಮೊದಲ ಸಲ ಒಬ್ಬನ್ನ ವಾಪಸ್ ಕಳ್ಸಿ, ಅವನ ಹತ್ರ ಬೈಸ್ಕಂಡಿರಲಿಲ್ಲ.

"ಏನ್ರಿ ಬಂದೈತೆ ನಿಮಗೆ! ಮನೆ ನಮ್ದಲ್ವಾ?"

"ಸುಮ್ನಿರು ನೀನು. ಎಷ್ಟು ಸಲೀಸಾಯ್ತು ನೋಡು. ಬೈಗುಳ ಎಲ್ಲ ಅವರಿಗೆ, ಬಾಡಿಗೆ ನಮಗೆ."

ಹೌದಲ್ಲ ಅನ್ನಿಸ್ತು ನನಗೂ. ನನ್ನ ಬುದ್ಧಿಗಿಷ್ಟು!

ಆಮೇಲೆ ಬಂದೋರಿಗೆಲ್ಲ ನಾಗರಾಜಪ್ಪನೋರೇ ಗತಿ. ಒಬ್ಬೊಬ್ಬರು ಬಂದು ಹೋದಂಗೂ ನಾಗರಾಜಪ್ಪನೋರು ಬೆಳೆದ್ರು. ಮಧ್ಯಾಹ್ನಕ್ಕೆ ಅವರಿಗೆ ರೈಸ್ ಮಿಲ್ ಬಂತು, ಸಂಜೆಗೆ ಕೋವಿ ಬಂತು. ಯಾವನೋ ಬಾಡಿಗೆದಾರ ಮಿಕ್ಸಿ ಸದ್ದು ಮಾಡಿದ ಅಂತ ಅವನ ಮಂಚ ಎತ್ತಿ ಬೀದಿಗೆ ಹಾಕಿದ್ರಂತೆ. ಹರಿಹರದ ನಾಗರಾಜಪ್ಪನೋರು ಮಂಚ ಇರಲಿ, ತಾವು ಕೂತ ಕುರ್ಚಿನೂ ಎತ್ತಿಡೋರಲ್ಲ. ಆದ್ರೆ ಇವರು ಹೇಳೋ ಹೊತ್ತಿಗೆ ನನಗೇ ಆತನ ಮ್ಯಾಲೆ ಭಯ ಹುಟ್ಟಿತು.

ಕತ್ತಲಾಗೋ ಹೊತ್ತಿಗೆ ಕಾಂತರಾಜ್ ಬಂದ. ಪಿ.ಜೆ. ಬಡಾವಣೆಯಾಗೆ ಬಟ್ಟೆ ಅಂಗಡಿ ಮ್ಯಾನೇಜರ್. ಜೊತೆಗೆ ಹೆಂಡ್ತಿ ರೂಪಶ್ರೀ. ಚೆಂದದ ಹುಡುಗಿ, ಹಣೆ ತುಂಬ ಕುಂಕುಮ.

ಇವರ ಹೆಸರು ಕೇಳ್ಕಂಡು, "ಓನರ್ ಹೆಂಗ್ರಿ?" ಅಂದ ಕಾಂತರಾಜ್.

"ಬಲು ಕಟ್ಟುನಿಟ್ಟು. ಗೋಡೆಗೆ ಒಂದು ಮೊಳೆ ಹೊಡೆಯಂಗಿಲ್ಲ" ಅಂದ್ರು ಇವರು.

"ಅಂಥೋರು ಬೇಕ್ರಿ ಪಂಚಾಕ್ಷರಪ್ಪ! ಓನರ್ ಗಟ್ಟಿ ಇದ್ರೆ ಮನೆ ಗಟ್ಟಿ. ಫೋನ್ ನಂಬರ್ ಕೊಡ್ರಿ ಅವರ್ದು."

"ಅವರು ಫೋನಿನಾಗೆ ಮಾತಾಡಲ್ರಿ. ಶಿವಪೂಜೆಯೋರು. ಕರಾರು ಗಿರಾರು ಏನೂ ಬ್ಯಾಡ, ಮಾತೇ ಕರಾರು."

ಕಾಂತರಾಜ್ ಅಲ್ಲೇ ಕೈ ಮುಗಿದ. ಅಡ್ವಾನ್ಸು ನಮ್ಮನೆಯವರ ಕೈಗೆ ಕೊಟ್ಟು, "ದಾರಿಯಾಗೆ ಹುಷಾರು, ನೇರ ಯಜಮಾನ್ರ ಕೈಗೇ ಮುಟ್ಟಿಸ್ರಿ" ಅಂತ ಎರಡೆರಡು ಸಲ ಹೇಳಿ, ಬಸ್ ಚಾರ್ಜು ಬೇರೆ ಕೊಟ್ಟ. ಅದನ್ನೂ ಇಸ್ಕಂಡ್ರಲ್ಲ ಪುಣ್ಯಾತ್ಮರು!

ಅಲ್ಲಿಂದ ಶುರುವಾಯ್ತು ನೋಡ್ರಿ ಚಾಕರಿ. "ಪಂಚಾಕ್ಷರಪ್ಪ, ನಲ್ಲಿ ಸೋರ್ತೈತೆ." "ಪಂಚಾಕ್ಷರಪ್ಪ, ಮೋರಿ ಕಟ್ಟೈತೆ." ಇವರು ಆಫೀಸು ಬಿಟ್ಟು ಜೇಬಿನ ತುಂಬ ವಾಷರು ತುಂಬ್ಕಂಡು ದಾವಣಗೆರೆ ಬಸ್ಸು ಹತ್ತೋರು. ನಲ್ಲಿ ರಿಪೇರಿ ಮಾಡೋಕೆ ಹೋದೋರು ಅವರ ಗ್ಯಾಸ್ ಸಿಲಿಂಡರ್ ಹೊತ್ತು ತಂದು, ಜೈನಾಬಿ ಮನೆ ಫ್ಯಾನ್ ಒರೆಸಿ ಬರೋರು. ಮಕ್ತುಮ್ ಸಾಬ್ ಓಣಿಯೋರಿಗೆಲ್ಲ ಹೇಳೋನಂತೆ, "ಓನರ್ ನಸೀಬ್ ನೋಡ್ರಿ. ಇಂಥ ಆಳು ಈ ಕಾಲದಾಗೆ ಎಲ್ಲಿ ಸಿಗ್ತಾನೆ?" ಅದನ್ನ ಇವರು ಮನೆಗೆ ಬಂದು ನನಗೆ ಹೆಮ್ಮೆಯಿಂದ ಹೇಳೋರು.

ಶ್ರಾವಣ ಸೋಮವಾರ ರೂಪಶ್ರೀ ಅರಿಶಿನ ಕುಂಕುಮಕ್ಕೆ ಕರೆದ್ಲು. ಹೋದೆ. ನನ್ನ ಮನೆ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, "ಬರ್ಲೇನಮ್ಮ?" ಅಂತ ಕೇಳಿ ಒಳಗೆ ಹೋದೆ. ಆ ಹುಡುಗಿ ಎಷ್ಟು ನಿಯತ್ತಿನೋಳು ಅಂದ್ರೆ, ಕ್ಯಾಲೆಂಡರ್‌ನ ದಾರ ಕಟ್ಟಿ ಕಿಟಕಿ ಸರಳಿಗೆ ನೇತು ಹಾಕಿದ್ಲು. ಮದುವೆ ಫೋಟೋನ ಟಿವಿಗೆ ಆನಿಸಿದ್ಲು. ಬಾಗಿಲಿಗೆ ಎದುರಿನ ಗೋಡೆ ಬಯಲಾಗಿತ್ತು. ಅದನ್ನೇ ನೋಡ್ತಾ ಕೂತೆ. ನಮ್ಮತ್ತೆ ಅಳತೆಗೇ ಕಟ್ಟಿಸಿದಂಗಿತ್ತು ಆ ಗೋಡೆ.

ರೂಪಶ್ರೀ ಕುಂಕುಮ ಇಟ್ಟು, ಮಡಿಚಿದ ಸೀರೆ ಒಂದನ್ನ ನನ್ನ ಮಡಿಲಿಗೆ ಹಾಕಿ, "ನಾನು ಎರಡೇ ಸಲ ಉಟ್ಟಿದ್ದು. ಬೇಜಾರು ಮಾಡ್ಕಬ್ಯಾಡ್ರಿ ಅಮ್ಮ" ಅಂದ್ಲು.

ಅಲ್ಲಿಗೆ ನನ್ನ ತಾಳ್ಮೆ ಹರೀತು. "ನೋಡವ್ವ, ಈ ಮನೆ ನಂದು. ನಾವೇ ಓನರ್ರು" ಅಂದೆ.

ಜೈನಾಬಿನೂ ಅಲ್ಲೇ ಕೂತಿದ್ಲು. ಇಬ್ಬರೂ ಮುಖ ಮುಖ ನೋಡ್ಕಂಡ್ರು. ರೂಪಶ್ರೀ ನನ್ನ ಕೈ ಹಿಡ್ಕಂಡು ಮೆತ್ತಗೆ, "ಹೌದಮ್ಮ. ದುಡಿದ ಮನೆ ನಮ್ದೇ ಅನಿಸಿಬಿಡ್ತೈತೆ. ತಪ್ಪಿಲ್ಲ" ಅಂದ್ಲು.

"ಪತ್ರ ಐತವ್ವ, ಬ್ಯಾಂಕಿನಾಗೆ ಇಟ್ಟೀವಿ!"

ಜೈನಾಬಿ ನನ್ನ ಬೆನ್ನು ಸವರಿದ್ಲು. "ಆಸೆ ಯಾರಿಗಿರಲ್ಲ ಹೇಳು ಅಕ್ಕ. ಅಲ್ಲಾ ಕೊಟ್ಟಾಗ ಕೊಡ್ತಾನೆ. ಈ ಚಾ ಕುಡಿ."

ಕುಡಿದೆ. ಏಲಕ್ಕಿ ಹಾಕಿದ್ರು. ಬಸ್ಸಿನಾಗೆ ಹರಿಹರದ ತನಕ ಅಳ್ತಾ ಬಂದು ಇವರ ಮುಂದೆ ಸೀರೆ ಎಸೆದೆ. ಇವರು ಬಿಚ್ಚಿ ನೋಡಿ, "ಬಣ್ಣ ಚೆನ್ನಾಗೈತೆ, ನಿನಗೆ ಒಪ್ತೈತೆ" ಅಂದ್ರು.

ಅಂತೂ ವರ್ಷ ಉರುಳಿತು, ಸೊಸೈಟಿಯೋರು ಶಾಲು ಹೊದಿಸಿ ಮನೆಗೆ ಕಳ್ಸಿದ್ರು. ನಾನು ಸಾಸಿವೆ ಡಬ್ಬಿಯಿಂದ ಮೊಳೆ ತೆಗೆದು ಒರೆಸಿ ಮತ್ತೆ ಇಟ್ಟೆ. "ಹೋಗ್ರಿ, ಖಾಲಿ ಮಾಡ್ರಿ ಅಂತ ಕಾಂತರಾಜ್‌ಗೆ ಹೇಳಿ ಬರ್ರಿ. ನಾನೇ ಓನರ್ ಅಂತಾನೂ ಹೇಳ್ರಿ. ಹೇಳದೆ ಬಂದ್ರೆ ಈ ಮನೆಯಾಗೆ ಅನ್ನ ಹುಟ್ಟಲ್ಲ" ಅಂದು ಕಳ್ಸಿದೆ.

ಹೋದ್ರು. ಹೋಗಿ ಏನಂದ್ರಂತೆ? "ಓನರ್‌ಗೆ ಮನೆ ಬೇಕಂತೆ ರೀ."

ಕಾಂತರಾಜ್ ಎದ್ದು ನಿಂತನಂತೆ. "ನಾವೇನು ತಪ್ಪು ಮಾಡೀವಿ? ಒಂದು ಮೊಳೆ ಹೊಡೆದೀವಾ? ಯಜಮಾನ್ರು ಎದುರಿಗೆ ಬಂದು ಹೇಳಲಿ, ಈಗಲೇ ಬಿಡ್ತೀನಿ. ನಡೀರಿ, ನಾನೇ ಬಂದು ಅವರ ಕಾಲು ಹಿಡೀತೀನಿ."

ಕಾಲು ಹಿಡಿಯೋಕೆ ಕಾಲು ಎಲ್ಲಿಂದ ತರೋದು? ನಮ್ಮನೆಯವರು ಹಿಂದೆ ಮುಂದೆ ನೋಡಲಿಲ್ಲ. "ಹೆಂಗೆ ಬರ್ತಾರ್ರಿ, ತೀರ್ಕಂಡ್ರು!" ಅಂದುಬಿಟ್ರು.

"ಅಯ್ಯೋ ಶಿವನೇ! ಯಾವಾಗ?"

ಹೋದ ತಿಂಗಳು ಅಂದಿದ್ರೆ ಮುಗೀತಿತ್ತು. ಸುಳ್ಳು ಹೇಳೋಕೂ ಒಂದು ಕಾಸಿನಷ್ಟು ಬುದ್ಧಿ ಬೇಕು. ಇವರು "ಇವತ್ತು ಬೆಳಗ್ಗೆ" ಅಂದ್ರು. ಮಣ್ಣು ಮಾಡೋದು ಎಷ್ಟೊತ್ತಿಗೆ ಅಂದ್ರೆ "ಮಧ್ಯಾಹ್ನ" ಅಂದ್ರು. ಕೇಳಿದ್ದಕ್ಕೆಲ್ಲ ಉತ್ತರ ಕೊಡೋದು ಗುಮಾಸ್ತರ ಅಭ್ಯಾಸ ಅಲ್ವಾ.

ನಮ್ಮ ಕಡೆ ಮದುವೆ ತಪ್ಪಿಸಿದ್ರೂ ಮಣ್ಣು ತಪ್ಪಿಸಲ್ಲ. ಅದೂ ಯಾರ ಸೂರಿನಡಿ ಬಾಳ್ವೆ ಮಾಡೀವೋ ಅವರದ್ದು! ಕಾಂತರಾಜ್ ಅಂಗಡಿಗೆ ರಜ ಹಾಕಿ, ಒಂದು ಟೆಂಪೋ ಗೊತ್ತು ಮಾಡಿ, ಹಾರ, ವಿಭೂತಿ, ಊದುಬತ್ತಿ ಎಲ್ಲ ತಂದ. ರೂಪಶ್ರೀ ಆಗಲೇ ಅಳೋಕೆ ಶುರು ಮಾಡಿದ್ಲು. ಜೈನಾಬಿ, ಮಕ್ತುಮ್ ಸಾಬ್ ಇಬ್ಬರೂ "ಸಾವಿಗೆ ಯಾವ ಜಾತಿ, ನಾವೂ ಬರ್ತೀವಿ" ಅಂತ ಹತ್ತಿದ್ರು. ಅವರನ್ನ ನೋಡಿ ಅರ್ಧ ಓಣಿ ಹತ್ತಿತು. ನಮ್ಮನೆಯವರನ್ನ ದಾರಿ ತೋರ್ಸೋಕೆ ಡ್ರೈವರ್ ಪಕ್ಕ ಕೂಡ್ರಿಸಿದ್ರು.

ನನಗೆ ಫೋನು ಬಂತು. ಪಿಸಿಪಿಸಿ ದನಿ. "ಲೇ, ಟೆಂಪೋ ಹೊಂಟೈತೆ. ನಾಗರಾಜಪ್ಪನೋರ್ನ ಎಲ್ಲಿಗಾರ ಕಳ್ಸು."

"ಎಲ್ಲಿಗೆ ಕಳಿಸ್ಲಿ ರೀ?"

"ಎಲ್ಲಿಗಾರ! ಅವರು ಸತ್ತಾರೆ."

ವಿಷಯ ಪೂರ್ತಿ ಕೇಳಿ ಫೋನು ಅಲ್ಲೇ ಎಸೆದೆ. ಹೊರಗೆ ಓಡಿದೆ. ನಾಗರಾಜಪ್ಪನೋರು ಪೂಜೆ ಮುಗಿಸಿ, ಬಿಳೀ ಪಂಚೆ ಉಟ್ಕಂಡು, ಹಣೆ ತೋಳಿಗೆಲ್ಲ ವಿಭೂತಿ ಬಳ್ಕಂಡು, ಉಂಡು, ಪಡಸಾಲೆಯಾಗೆ ಕುರ್ಚಿ ಹಾಕ್ಕಂಡು ಕೂತಿದ್ರು. "ಯಜಮಾನ್ರೆ, ಹೊಳೆ ಕಡೆ ಒಂದು ಸುತ್ತು ಹೋಗಿ ಬರ್ರಲ್ಲ, ಗಾಳಿ ಚೆನ್ನಾಗೈತೆ" ಅಂದೆ. "ಈ ಬಿಸಿಲಾಗಾ? ತಲೆ ಕೆಟ್ಟೈತೇನಮ್ಮ?" ಅಂದು ಕಣ್ಣು ಮುಚ್ಚಿದ್ರು. ಗೋಡೆಗೆ ತಲೆ ಆನಿಸಿ, ಕಂಬದಂಗೆ ನೆಟ್ಟಗೆ ಕೂತೇ ನಿದ್ದೆ ಹೋದ್ರು. ಮಲಗಿದ್ರೂ ಬೇರೆ ಮಾತು. ಕೂತ್ರು!

ನಮ್ಮಲ್ಲಿ ಸತ್ತೋರನ್ನ ಮಲಗಿಸಲ್ಲ ನೋಡ್ರಿ. ಜಳಕ ಮಾಡಿಸಿ, ವಿಭೂತಿ ಹಚ್ಚಿ, ಬಿಳೀ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂಡ್ರಿಸ್ತೀವಿ. ಬಂದೋರು ಹಾರ ಹಾಕಿ ಕಾಲಿಗೆ ನಮಸ್ಕಾರ ಮಾಡ್ತಾರೆ. ಟೆಂಪೋ ಬಂದು ನಿಂತಾಗ ಆ ಜನಕ್ಕೆ ಕಂಡಿದ್ದು ಅದೇ. ಒಬ್ಬರಿಗಾರ ಅನುಮಾನ ಬರಬೇಕಲ್ಲ!

ಕಾಂತರಾಜ್ "ಓಂ ನಮಃ ಶಿವಾಯ" ಅಂತ ಇಳಿದ. ನಾನು ಅಡ್ಡ ಹೋಗಿ "ತಡೀರಿ, ತಡೀರಿ" ಅಂದೆ. "ಸಮಾಧಾನ ಮಾಡ್ಕ ಅಕ್ಕ, ಎಲ್ಲಾರೂ ಒಂದಿನ ಹೋಗೋರೇ" ಅಂತ ಜೈನಾಬಿ ನನ್ನ ತಬ್ಬಿ ಹಿಡಿದ್ಲು. ಬಿಡಿಸ್ಕಳ್ಳೋಕಾಗಲಿಲ್ಲ. ಕಾಂತರಾಜ್ ಹಾರ ಹಾಕಿದ. ರೂಪಶ್ರೀ ಕಾಲಿಗೆ ಬಿದ್ದು ಹಾಡಿ ಹಾಡಿ ಅತ್ಲು. "ನಲ್ಲಿ ಸೋರಿದ್ರೆ ಆಗಿಂದಾಗ ಆಳು ಕಳಿಸ್ತಿದ್ರಲ್ಲಪ್ಪೋ! ಬಾಡಿಗೆ ತಡ ಆದ್ರೂ ಒಂದು ಮಾತು ಅನ್ನಲಿಲ್ಲವಲ್ಲಪ್ಪೋ! ಇನ್ನ ಯಾರು ನಮಗೆ ಮೊಳೆ ಹೊಡೀಬ್ಯಾಡ ಅಂತಾರಪ್ಪೋ!"

ಮೊಳೆ ಅನ್ನೋ ಮಾತು ಕಿವಿಗೆ ಬಿತ್ತು ನೋಡ್ರಿ. ನಾಗರಾಜಪ್ಪನೋರು ಫಟ್ ಅಂತ ಕಣ್ಣು ಬಿಟ್ಟು, "ಯಾರದು ಮೊಳೆ ಹೊಡೆಯೋರು?" ಅಂದ್ರು.

ಜೈನಾಬಿ "ಯಾ ಅಲ್ಲಾ" ಅಂತ ನನ್ನ ಬಿಟ್ಟು ಟೆಂಪೋ ಹತ್ತಿದ್ಲು. ಊದುಬತ್ತಿ ಹಿಡ್ಕಂಡಿದ್ದೋನು ಅದನ್ನ ಕಾಂತರಾಜ್ ಬೆನ್ನಿಗೆ ಚುಚ್ಚಿದ. ನಾಗರಾಜಪ್ಪನೋರು ಕೊರಳಾಗಿನ ಹಾರ ಮುಟ್ಟಿ ನೋಡ್ಕಂಡು, ಮುಖ ಅರಳಿಸಿ, "ಯಾವ ಸಂಘದೋರ್ರಿ ನೀವು? ಸನ್ಮಾನಕ್ಕೆ ಮೊದಲೇ ಹೇಳೋದಲ್ವಾ?" ಅಂದ್ರು.

"ಯಜಮಾನ್ರೆ, ನೀವು... ಅದೀರಾ?"

"ಇಲ್ಲದೆ ಎಲ್ಲಿಗೆ ಹೋಗ್ಲಿ?"

"ಬೆಳಗ್ಗೆ ತೀರ್ಕಂಡ್ರಿ ಅಂತ ಪಂಚಾಕ್ಷರಪ್ಪ ಹೇಳಿದ್ರು."

ಎಲ್ಲಾರೂ ತಿರುಗಿ ನೋಡಿದ್ರು. ಟೆಂಪೋ ಚಕ್ರದ ಹಿಂದೆ ನಮ್ಮನೆಯವರ ಟವೆಲ್ ತುದಿ ಕಾಣ್ತಿತ್ತು. ಕಾಂತರಾಜ್‌ಗೆ ಜ್ಞಾನೋದಯ ಆಯ್ತು. "ಗೊತ್ತಾಯ್ತು ಬಿಡ್ರಿ ಯಜಮಾನ್ರೆ! ನಿಮ್ಮನ್ನ ಸಾಯಿಸಿ ದಾವಣಗೆರೆ ಮನೆ ಹೊಡ್ಕಳ್ಳೋಕೆ ನೋಡ್ಯಾನೆ. ಇವನ ಹೆಂಡ್ತಿ ಅವತ್ತೇ ಅಂದಿದ್ರಂತೆ, ಈ ಮನೆ ನಂದು ಅಂತ!"

"ದಾವಣಗೆರೆಯಾಗೆ ನನಗೆ ಯಾವ ಮನೆ ಐತೋ?"

ಕಾಂತರಾಜ್ ಭಕ್ತಿಯಿಂದ ಮಕ್ತುಮ್ ಸಾಬ್ ಕಡೆ ತಿರುಗಿದ. "ನೋಡಿದ್ರಾ ಸಾಬ್ರೆ? ಎಷ್ಟು ಮನೆ ಇದ್ರೆ ಒಂದು ಮರ್ತು ಹೋಗ್ಬೇಕು!"

ಈ ಮಾತು ನಾಗರಾಜಪ್ಪನೋರ ಕಿವಿಗೆ ಬಿತ್ತು. ಹಾರ ತೆಗೆಯೋಕೆ ಹೋಗಿದ್ದ ಕೈ ಅಲ್ಲೇ ನಿಂತು ಹಾರ ಸರಿ ಮಾಡ್ಕಂಡಿತು. ಮೂವತ್ತು ವರ್ಷದಾಗೆ ಅವರ ಮುಖದಾಗೆ ಅಂಥ ನಗು ನಾನು ಕಂಡಿಲ್ಲ. "ಇರ್ಬೌದು. ಇದ್ರೂ ಇರ್ಬೌದು" ಅಂದ್ರು.

ನಾನು ಮುಂದೆ ನುಗ್ಗಿದೆ. "ಯಜಮಾನ್ರೆ, ಅದು ನಮ್ಮನೆ! ನಾವು ತಗೊಂಡಿದ್ದು!" ಅಂತ ಚೀರಿದೆ.

ನಾಗರಾಜಪ್ಪನೋರು ನಿಧಾನಕ್ಕೆ ನನ್ನ ಕಡೆ ನೋಡಿದ್ರು. "ಸ್ವಂತ ಮನೆ ಇದ್ದೋರು ನನ್ನ ಮನೆಯಾಗೆ ಯಾಕ ಅದೀರಮ್ಮ?"

ಇಡೀ ಟೆಂಪೋ ಹೌದ್ಹೌದು ಅಂತ ತಲೆ ಆಡಿಸಿತು. ಕೋರ್ಟಿನಾಗೂ ಇಂಥ ಪ್ರಶ್ನೆ ಯಾರೂ ಕೇಳಿರಲ್ಲ.

"ಬದುಕಿದ್ದೋನಿಗೆ ಸಾವಿನ ಹಾರ ಹಾಕ್ಸೀರಿ. ಈಗಿಂದೀಗ ಖಾಲಿ ಮಾಡ್ರಿ" ಅಂದ್ರು. ಅಷ್ಟಂದು, ಸಾವಿನ ಹಾರ ತೆಗೀದೇ ಒಳಗೆ ಹೋದ್ರು.

ಹೆಂಗೂ ಟೆಂಪೋ ಇತ್ತು. ಹೆಣಕ್ಕೆ ಹೆಗಲು ಕೊಡೋಕೆ ಬಂದೋರು ನಮ್ಮ ಬೀರುವಿಗೆ ಹೆಗಲು ಕೊಟ್ರು. ಒಳ್ಳೆ ಜನ ಅಂದ್ನಲ್ಲ, ಬೈಕಂತಾನೇ ಪಾತ್ರೆ ಪಗಡ ಎಲ್ಲ ಹುಷಾರಾಗಿ ಏರಿಸಿದ್ರು. ಮೂವತ್ತು ವರ್ಷದ ಸಂಸಾರ ಹಿಂದೆ, ನಾನು ಅತ್ತೆ ಫೋಟೋ ತೊಡೆ ಮ್ಯಾಲೆ ಇಟ್ಕಂಡು ಮುಂದೆ. ಟೆಂಪೋ ಹರಿಹರ ದಾಟಿತು. ನಮ್ಮನೆಯವರು ಒಂದ್ಸಲ "ಟೆಂಪೋ ಬಾಡಿಗೆ ಉಳೀತು" ಅಂದ್ರು. ನಾನು ಅವರ ಕಡೆ ನೋಡಿದೆ. ಅವರು ಕಿಟಕಿ ಆಚೆ ನೋಡೋಕೆ ಶುರು ಮಾಡಿದ್ರು.

ನನ್ನ ಮನೆ ಮುಂದೆ ನನ್ನ ಸಾಮಾನು ಬೀದಿಯಾಗೆ ಇಳೀತು. ರೂಪಶ್ರೀ ಕರುಳು ಚುರ್ ಅಂತು. "ಪಾಪ ರೀ, ವಯಸ್ಸಾದೋರು. ಹಿತ್ತಲ ರೂಮಿನಾಗೆ ಇರಲಿ" ಅಂದ್ಲು. ಕಾಂತರಾಜ್ ಗಂಭೀರವಾಗಿ, "ಓನರ್‌ನ ಕೇಳ್ದೆ ಹೆಂಗೆ ಕೊಡ್ಲಿ?" ಅಂದು ಫೋನ್ ತೆಗೆದ. ಹರಿಹರದಿಂದ ಬರೋ ಮುಂದೆ ಯಜಮಾನ್ರ ನಂಬರ್ ಇಸ್ಕಂಡು ಬಂದಿದ್ದ.

ನಾಗರಾಜಪ್ಪನೋರ ದನಿ ಬೀದಿಗೆಲ್ಲ ಕೇಳಿಸ್ತು. "ಇರಲಿ ಬಿಡಪ್ಪ. ಹುಚ್ಚು ಜನ, ಕೆಟ್ಟ ಜನ ಅಲ್ಲ. ಆದ್ರೆ ಹೇಳಿಬಿಡು, ಮೊಳೆ ಹೊಡೀಬಾರ್ದು."

ಆ ರಾತ್ರಿ ಬ್ಯಾಂಕಿನಿಂದ ಪತ್ರ ತಂದು ಕಾಂತರಾಜ್ ಮುಖಕ್ಕೆ ಹಿಡೀರಿ ಅಂತ ನಮ್ಮನೆಯವರಿಗೆ ಹೇಳಿದೆ. "ಬ್ಯಾಂಕ್ ಮ್ಯಾನೇಜರ್‌ನ ಕೇಳಿ..." ಅಂದ್ರು. ನಾನು ಗೋಡೆ ಕಡೆ ತಿರುಗಿ ಮಲ್ಕಂಡೆ.

ಬೆಳಗ್ಗೆ ಎದ್ದೋಳೇ ಸಾಸಿವೆ ಡಬ್ಬಿ ಹುಡುಕಿದೆ. ಒಂದು ಕೈಯಾಗೆ ಮೊಳೆ, ಇನ್ನೊಂದು ಕೈಯಾಗೆ ಗುಂಡುಕಲ್ಲು, ಕಂಕುಳಾಗೆ ಅತ್ತೆ. ಹಿತ್ತಲ ಬಾಗಿಲಿಂದ ನೇರ ಹಾಲಿಗೆ ಹೋದೆ. ಬಾಗಿಲಿಗೆ ಎದುರಿನ ಗೋಡೆ. ಸ್ಟೂಲ್ ಎಳ್ಕಂಡು ಹತ್ತಿ ಹೊಡೆದೆ. ಮೂವತ್ತು ವರ್ಷದ್ದೆಲ್ಲ ಸೇರಿಸಿ ಹೊಡೆದೆ. ಓಣಿಗೆಲ್ಲ ಕೇಳಿಸಿರಬೇಕು.

ರೂಪಶ್ರೀ ಹಿಟ್ಟಿನ ಕೈಯಾಗೇ ಓಡಿ ಬಂದ್ಲು. ಕಾಂತರಾಜ್ ಅರ್ಧ ಗಡ್ಡಕ್ಕೆ ಸೋಪು ಹಚ್ಕಂಡು ಬಂದ. "ಅಯ್ಯಯ್ಯೋ! ಯಜಮಾನ್ರಿಗೆ ಗೊತ್ತಾದ್ರೆ ಏನ್ರಿ ಗತಿ? ಯಾರ ಫೋಟೋ ಅದು?"

ಹಿಂದಿನಿಂದ ನಮ್ಮನೆಯವರು ಬಂದು ನಿಂತ್ರು. ಫೋಟೋ ನೋಡಿದ್ರು. ಸ್ಟೂಲ್ ಮ್ಯಾಲೆ ಕಲ್ಲು ಹಿಡ್ಕಂಡು ನಿಂತಿದ್ದ ನನ್ನ ನೋಡಿದ್ರು. ಗಂಟಲು ಸರಿ ಮಾಡ್ಕಂಡ್ರು. ಜೀವಮಾನದಾಗೆ ಮೊದಲ ಸಲ, ಯಾರನ್ನೂ ಕೇಳದೆ, ಗಟ್ಟಿ ದನಿಯಾಗೆ ಹೇಳಿದ್ರು.

"ಓನರ್ ತಾಯಿ."

ನನ್ನ ಕಣ್ಣಾಗೆ ನೀರು ಬಂತು. ಕಾಂತರಾಜ್ ಸೋಪಿನ ಮುಖದಾಗೇ ಕೈ ಮುಗಿದ. ರೂಪಶ್ರೀ ಹಿಟ್ಟಿನ ಕೈ ಸೆರಗಿಗೆ ಒರೆಸ್ಕಂಡು ಹತ್ರ ಬಂದು, ಫೋಟೋನೇ ದಿಟ್ಟಿಸಿ ನೋಡಿ, "ಹೌದು ನೋಡ್ರಿ! ನಾಗರಾಜಪ್ಪನೋರದ್ದೇ ಅಚ್ಚು. ಅದೇ ಮೂಗು!" ಅಂದ್ಲು.

ಅದೇ ಮೂಗು ಇಟ್ಕಂಡು ಇವರು ಪಕ್ಕದಾಗೇ ನಿಂತಿದ್ರು.

ರೂಪಶ್ರೀ ಒಳಗೆ ಹೋಗಿ ಒಂದು ಮಲ್ಲಿಗೆ ಎಳೆ ತಂದು ನನ್ನ ಕೈಗೆ ಕೊಟ್ಲು. "ಹೆಂಗೂ ಹಿತ್ತಲಾಗೇ ಇರ್ತೀರಿ. ದಿನಾ ಬಂದು ಇವರಿಗೆ ಹೂ ಹಾಕಿ ದೀಪ ಹಚ್ಚಿ ಹೋಗ್ತೀರಾ ಅಮ್ಮ?"

ನಾನು ಅತ್ತೆಗೆ ಹೂ ಮುಡಿಸಿ, ಸ್ಟೂಲಿನಿಂದ ಇಳಿದು, ನಮ್ಮನೆಯವರ ಮುಖ ನೋಡಿ, "ಓನರ್‌ನ ಕೇಳಿ ಹೇಳ್ತೀನವ್ವ" ಅಂದೆ.

ಅವರು ಹಿಂದೆ ಯಾರು ನಿಂತಾರೆ ಅಂತ ತಿರುಗಿ ನೋಡಿದ್ರು.